ತವರಿನ ಅಂಗಳದಲ್ಲಿ ಗೆದ್ದ ಕಿರಿಯರು

ತನ್ನ ಬೀದಿಯಲ್ಲಿ ನಾಯಿಯೂ ಹುಲಿ ಎಂಬ ಗಾದೆ ನಮ್ಮಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಆಟೋಟಗಳಲ್ಲಿಯೂ ಈ ಮಾತು ನಿಜವೆಂದೇ ಸಾಮಾನ್ಯರ ನಂಬಿಕೆ. ಮದ್ದೂರಿನ ಹುಡುಗರು ಗುಂಡ್ಲುಪೇಟೆಗೆ ಹೋಗಿ ಕಬಡ್ಡಿ ಆಡುವುದಕ್ಕೂ, ಗುಂಡ್ಲುಪೇಟೆಯವರೇ ಮದ್ದೂರಿಗೆ ಬಂದು ಆಡುವುದಕ್ಕೂ ವ್ಯತ್ಯಾಸವುಂಟು. ತಮ್ಮ ಊರಿನ ಮಣ್ಣು ಕಾಲಿಗೆ ಪರಿಚಿತವಾದದ್ದು, ಪ್ರಯಾಣದ ಆಯಾಸವಿಲ್ಲ, ಮನೆಯ ಊಟ, ಸುತ್ತ ನಿಂತು ಕೂಗುವವರು ನೆಂಟರಿಷ್ಟರು. ಹೀಗಿರುವಾಗ ಆತಿಥೇಯ ತಂಡಕ್ಕೆ ಗೆಲುವು ಸುಲಭವೆಂದು ಯಾರಿಗಾದರೂ ತೋರುವುದು ಸಹಜವೇ.

ಆದರೆ ಹಾಕಿ ಆಟದ ಚರಿತ್ರೆ ಬೇರೆ ಮಾತನ್ನೇ ಹೇಳುತ್ತದೆ. ಇಪ್ಪತ್ತೊಂದು ವರ್ಷದೊಳಗಿನ ಯುವಕರಿಗಾಗಿ ನಡೆಯುವ ಕಿರಿಯರ ವಿಶ್ವಕಪ್ ಪಂದ್ಯಾವಳಿಯು ಮೊದಲು 1979ರಲ್ಲಿ ಫ್ರಾನ್ಸ್ ದೇಶದ ವರ್ಸೈಲ್ಸ್‌ನಲ್ಲಿ ನಡೆಯಿತು. ಗೆದ್ದದ್ದು ಪಾಕಿಸ್ತಾನ. ಅಲ್ಲಿಂದ 2013ರವರೆಗೆ ಹತ್ತು ಪಂದ್ಯಾವಳಿಗಳು ಜರುಗಿದವು. ಮಲೇಷ್ಯಾ, ಕೆನಡಾ, ಸ್ಪೇನ್, ಇಂಗ್ಲೆಂಡ್, ಆಸ್ಟ್ರೇಲಿಯಾ, ಹಾಲೆಂಡ್ ಮೊದಲಾದ ದೇಶಗಳು ಸರದಿಯಂತೆ ಆತಿಥ್ಯ ವಹಿಸಿದವು. ಆ ಹತ್ತರಲ್ಲಿ ಒಮ್ಮೆಯಾದರೂ ಆತಿಥೇಯರ ಕೈಗೆ ಕಪ್ ದೊರೆಯಲಿಲ್ಲ. 2001ರಲ್ಲಿ ಆಸ್ಟ್ರೇಲಿಯಾದ ಹೋಬರ್ಟ್ ನಗರದಲ್ಲಿ ಭಾರತವು ಅರ್ಜೆಂಟೀನಾವನ್ನು 6-1 ಗೋಲುಗಳಿಂದ ಸೋಲಿಸಿ ಮೊದಲ ಬಾರಿಗೆ ಈ ಪ್ರಶಸ್ತಿಯನ್ನು ಪಡೆಯಿತು. ನಮ್ಮ ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಆ ತಂಡದಲ್ಲಿದ್ದರು. ಅಂದರೆ ನಮ್ಮವರು ಮೊದಲು ಗೆದ್ದದ್ದು ಸಮುದ್ರದಾಚೆಯ ಪರಸ್ಥಳದಲ್ಲಿ. ತಮ್ಮದೇ ರಾಜಧಾನಿಯಾದ ನವದೆಹಲಿಯಲ್ಲಿ 2013ರಲ್ಲಿ ಪಂದ್ಯಾವಳಿ ನಡೆದಾಗ ಭಾರತ ಹತ್ತನೆಯ ಸ್ಥಾನಕ್ಕೆ ಇಳಿಯಿತು.

ಹೀಗಾಗಲು ಕಾರಣವೇನು? ಹಿಮದ ಮೇಲೆ ಆಡುವ ಐಸ್ ಹಾಕಿಯೊಡನೆ ಹೋಲಿಸಿ ನೋಡಿದರೆ ವಿಷಯ ಸ್ವಲ್ಪ ಸ್ಪಷ್ಟವಾಗುತ್ತದೆ. ಆ ಆಟದಲ್ಲಿ ಪಾದಕ್ಕೆ ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ ಮಂಜುಗಡ್ಡೆಯ ಮೇಲೆ ಜಾರುತ್ತ, ಚೆಂಡಿಗೆ ಬದಲಾಗಿ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಹೊಡೆಯುತ್ತಾರೆ. ಅದರ ಕಿರಿಯರ ವಿಶ್ವ ಸ್ಪರ್ಧೆಯು ಆರು ದೇಶಗಳ ನಡುವೆ ಲೆನಿನ್‌ಗ್ರಾಡ್‌ನಲ್ಲಿ 1973ರ ಡಿಸೆಂಬರ್ ಕೊನೆಗೆ ಆರಂಭವಾಗಿ 1974ರ ಜನವರಿಯಲ್ಲಿ ಮುಗಿಯಿತು. ಆ ಮೊದಲ ಸಲವೇ ಆತಿಥೇಯ ಸೋವಿಯತ್ ತಂಡ ಗೆದ್ದಿತು. ಮುಂದೆ ಕೆನಡಾ ತನ್ನ ನೆಲದಲ್ಲಿ ಹಲವು ಬಾರಿ ಗೆದ್ದಿದೆ. 2022ರ ಆಗಸ್ಟಿನಲ್ಲಿ ಎಡ್ಮಂಟನ್‌ನಲ್ಲಿ, ಮತ್ತೆ 2023ರ ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ. ಇದಕ್ಕೆ ಅಂಗಣವೂ ಒಂದು ಕಾರಣ. ಯೂರೋಪಿನಲ್ಲಿ ರೂಢಿಯಲ್ಲಿದ್ದ ಹಿಮಾಂಗಣದ ಅಗಲ 30 ಮೀಟರ್. ಉತ್ತರ ಅಮೆರಿಕದ್ದು ಸುಮಾರು 26 ಮೀಟರ್. ನಾಲ್ಕು ಮೀಟರ್ ಎಂದರೆ ಸಣ್ಣ ಅಂತರವೆನ್ನಿಸಬಹುದು. ಆದರೆ ಮಿಂಚಿನ ವೇಗದ ಆ ಆಟದಲ್ಲಿ ಇಕ್ಕಟ್ಟಾದ ಅಂಗಣದಲ್ಲಿ ಬೆಳೆದವನಿಗೂ ವಿಶಾಲವಾದದ್ದರಲ್ಲಿ ಬೆಳೆದವನಿಗೂ ಮೈಯ ಅಭ್ಯಾಸವೇ ಬೇರೆ.

ನಮ್ಮ ಹಾಕಿಯಲ್ಲಿ ಈ ಅನುಕೂಲ ಈಗ ಉಳಿದಿಲ್ಲ. ಹಿಂದೆ ಹುಲ್ಲಿನ ಮೈದಾನವಿದ್ದಾಗ ಒಂದೊಂದು ಊರಿನ ನೆಲಕ್ಕೂ ಅದರದೇ ಗುಣವಿರುತ್ತಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ಕೃತಕ ಹುಲ್ಲುಹಾಸು ಬಂದಿತು. ಸುಮಾರು 91 ಮೀಟರ್ ಉದ್ದ, 55 ಮೀಟರ್ ಅಗಲದ ಆ ಹಾಸು ಬೆಂಗಳೂರಿನಲ್ಲಾಗಲಿ ಬರ್ಲಿನ್‌ನಲ್ಲಾಗಲಿ ಹೆಚ್ಚುಕಡಿಮೆ ಒಂದೇ. ಚೆಂಡಿಗೆ ಊರಿನ ಹೆಸರು ತಿಳಿಯದು. ಅಲ್ಲದೆ ಆತಿಥೇಯ ದೇಶಕ್ಕೆ ಅರ್ಹತಾ ಪಂದ್ಯಗಳಿಲ್ಲದೆಯೇ ಪ್ರವೇಶ ದೊರೆಯುವುದರಿಂದ, ಆತಿಥ್ಯ ವಹಿಸಿದವರೆಲ್ಲರೂ ಬಲಿಷ್ಠರೆಂದು ಹೇಳುವಂತೆಯೂ ಇಲ್ಲ. ಉಳಿಯುವುದು ಪ್ರೇಕ್ಷಕರ ಕೂಗು ಮಾತ್ರ. ಅದು ಇಬ್ಬಾಯಿಯ ಕತ್ತಿ. ಮುನ್ನಡೆಯಲ್ಲಿರುವವನಿಗೆ ರೆಕ್ಕೆ ಮೂಡಿಸುತ್ತದೆ. ಹಿಂದುಳಿದವನ ಎದೆಯ ಮೇಲೆ ಕಲ್ಲಾಗಿ ಕೂರುತ್ತದೆ.

2016ರ ಡಿಸೆಂಬರ್ 8ರಿಂದ 18ರವರೆಗೆ ಲಕ್ನೋ ನಗರದ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ ಹದಿನಾರು ತಂಡಗಳು ಸೇರಿದವು. ಭಾರತ ತಂಡದ ನಾಯಕ ಪಂಜಾಬಿನ ಹರ್ಜೀತ್ ಸಿಂಗ್. ಈತನ ತಂದೆ ಲಾರಿ ಚಾಲಕರು. ತರಬೇತುದಾರರು ಹರೇಂದ್ರ ಸಿಂಗ್. 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಇವರ ಶಿಷ್ಯರು ಸ್ಪೇನ್ ವಿರುದ್ಧ ಕಂಚಿನ ಪದಕವನ್ನು ಕೂದಲೆಳೆಯಷ್ಟರಲ್ಲಿ ಕಳೆದುಕೊಂಡಿದ್ದರು. ಹನ್ನೊಂದು ವರ್ಷಗಳ ಆ ನೋವು ಅವರ ಬೆನ್ನಿಗಿತ್ತು.

ಗುಂಪಿನ ಪಂದ್ಯಗಳಲ್ಲಿ ಕೆನಡಾ 4-0, ಇಂಗ್ಲೆಂಡ್ 5-3, ದಕ್ಷಿಣ ಆಫ್ರಿಕಾ 2-1ರಿಂದ ಸೋತವು. ನಿಜವಾದ ಪರೀಕ್ಷೆ ಎದುರಾದದ್ದು ಅನಂತರ. ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ಮೊದಲು ಗೋಲು ಹೊಡೆಯಿತು. ಆಗ ಪಂದ್ಯದ ಅವಧಿ ಮೂವತ್ತೈದು ನಿಮಿಷಗಳ ಎರಡು ಭಾಗ. ಮೊದಲ ಭಾಗ ಮುಗಿದು, ಎರಡನೆಯದರಲ್ಲಿಯೂ ಬಹುಪಾಲು ಕಳೆದರೂ ಭಾರತದ ಖಾತೆ ತೆರೆಯಲಿಲ್ಲ. ತವರಿನ ಪ್ರೇಕ್ಷಕರ ಭಾರವೆಂದರೇನೆಂದು ಆ ಹುಡುಗರಿಗೆ ತಿಳಿದದ್ದು ಅಂದೇ ಇರಬೇಕು. ಐವತ್ತೇಳನೆಯ ನಿಮಿಷದಲ್ಲಿ ಸಿಮ್ರನ್‌ಜೀತ್ ಸಿಂಗ್ ಸಮಗೊಳಿಸಿದನು. ಕೊನೆಯ ಘಟ್ಟದಲ್ಲಿ ಪೆನಾಲ್ಟಿ ಕಾರ್ನರ್ ದೊರೆತಾಗ ಹರ್ಮನ್‌ಪ್ರೀತ್ ಸಿಂಗ್ ಎಳೆದೊಗೆದ ಚೆಂಡು ಗೋಲಿನೊಳಗೆ ಸೇರಿತು.

ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ. ಇಲ್ಲಿಯೂ ಎದುರಾಳಿಯದೇ ಮೊದಲ ಗೋಲು. ಗುರ್ಜಂತ್ ಸಿಂಗ್ ಮತ್ತು ಮನ್‌ದೀಪ್ ಸಿಂಗ್ ಭಾರತವನ್ನು ಮುಂದೆ ತಂದರು. ಆಸ್ಟ್ರೇಲಿಯಾ ಮತ್ತೆ ಸಮಗೊಳಿಸಿತು. 2-2ರಲ್ಲಿ ಕಾಲ ಮುಗಿಯಲು ಷೂಟ್‌ಔಟ್ ಅನಿವಾರ್ಯವಾಯಿತು. ಇದರ ಕ್ರಮವನ್ನು ಹೇಳಬೇಕು. ಪ್ರತಿ ತಂಡದ ಐವರು ಒಬ್ಬೊಬ್ಬರಾಗಿ ಗೋಲಿನಿಂದ 23 ಮೀಟರ್ ದೂರದ ಗೆರೆಯಲ್ಲಿ ಚೆಂಡನ್ನಿಟ್ಟುಕೊಂಡು ಹೊರಡುತ್ತಾರೆ. ಇರುವುದು ಎಂಟು ಸೆಕೆಂಡುಗಳು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ದಾಳಿಗಾರ ಎಡಕ್ಕೆ ಬಲಕ್ಕೆ ತಿರುಗಿ ಆತನನ್ನು ವಂಚಿಸಲು ನೋಡುತ್ತಾನೆ. ಆತ ಮುನ್ನುಗ್ಗಿ ಸಮಯವನ್ನು ಕಬಳಿಸಲು ನೋಡುತ್ತಾನೆ. ಒಬ್ಬ ಮನುಷ್ಯನ ಎದೆಗಾರಿಕೆಗೆ ಇದಕ್ಕಿಂತ ಬೆತ್ತಲೆಯಾದ ಪರೀಕ್ಷೆ ಆಟದಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಅಂದು ಭಾರತದ ಗೋಲ್‌ಕೀಪರ್ ವಿಕಾಸ್ ದಹಿಯಾ ಎರಡು ಯತ್ನಗಳನ್ನು ತಡೆದನು. ಭಾರತ 4-2ರಿಂದ ಮುಂದೆ ಸಾಗಿತು.

ಅತ್ತ ಇನ್ನೊಂದು ಸೆಮಿಫೈನಲ್‌ನಲ್ಲಿ ಆರು ಬಾರಿಯ ವಿಜೇತ ಜರ್ಮನಿಯನ್ನು ಬೆಲ್ಜಿಯಂ ಷೂಟ್‌ಔಟ್‌ನಲ್ಲಿಯೇ ಉರುಳಿಸಿತ್ತು. ಡಿಸೆಂಬರ್ 18, ಭಾನುವಾರ, ಕ್ರೀಡಾಂಗಣ ಕಿಕ್ಕಿರಿದಿತ್ತು. ಹಿಂದಿನ ಎರಡು ಪಂದ್ಯಗಳಂತೆ ಈ ಸಲ ಭಾರತ ಕಾಯಲಿಲ್ಲ. ಎಂಟನೆಯ ನಿಮಿಷದಲ್ಲಿ ಗುರ್ಜಂತ್, ಇಪ್ಪತ್ತೆರಡನೆಯ ನಿಮಿಷದಲ್ಲಿ ಸಿಮ್ರನ್‌ಜೀತ್ ಗೋಲು ಬಾರಿಸಿದರು. ಮುಂದೆ ಕೂಗಿನ ಕತ್ತಿ ಭಾರತದ ಕಡೆಗೇ ಬೀಸಿತು. ಎಪ್ಪತ್ತನೆಯ, ಅಂದರೆ ಕಟ್ಟಕಡೆಯ ನಿಮಿಷದಲ್ಲಿ ಬೆಲ್ಜಿಯಂ ಒಂದು ಗೋಲು ಹೊಡೆಯಿತಾದರೂ ಹೊತ್ತು ಮೀರಿತ್ತು. 2-1. ಹದಿನೈದು ವರ್ಷಗಳ ತರುವಾಯ ಕಪ್ ಮರಳಿತು. ತನ್ನ ನೆಲದಲ್ಲಿ ಅದನ್ನು ಗೆದ್ದ ಮೊದಲ ದೇಶ ಭಾರತವಾಯಿತು.

ಆ ಮೇಲೆಯೂ ಇನ್ನಾವ ಆತಿಥೇಯರಿಗೂ ಇದು ಸಾಧ್ಯವಾಗಿಲ್ಲ. 2021ರಲ್ಲಿ ಭುವನೇಶ್ವರದಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ. 2025ರಲ್ಲಿ ಚೆನ್ನೈ ಮತ್ತು ಮಧುರೆಗಳಲ್ಲಿ ಮೂರನೆಯದು. 2025ರವರೆಗಿನ ಹದಿನಾಲ್ಕು ಪಂದ್ಯಾವಳಿಗಳಲ್ಲಿ ಆತಿಥೇಯರು ಗೆದ್ದದ್ದು ಲಕ್ನೋದಲ್ಲಿ ಮಾತ್ರ.

ಕಿರಿಯರ ಗೆಲುವಿನ ಬೆಲೆ ಹಿರಿಯರ ಆಟದಲ್ಲಿ ತಿಳಿಯುತ್ತದೆ. 1980ರಲ್ಲಿ ಮಾಸ್ಕೋದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯನವರೂ ಇದ್ದ ತಂಡ ಚಿನ್ನ ಗೆದ್ದ ಬಳಿಕ ಭಾರತಕ್ಕೆ ಒಲಿಂಪಿಕ್ ಹಾಕಿಯಲ್ಲಿ ಪದಕವೇ ದೊರೆತಿರಲಿಲ್ಲ. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಆ ಬರ ನೀಗಿತು. 1-3ರಿಂದ ಹಿಂದಿದ್ದ ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಪಡೆಯಿತು. ಐದರಲ್ಲಿ ಎರಡು ಗೋಲು ಸಿಮ್ರನ್‌ಜೀತನವು, ಒಂದು ಹರ್ಮನ್‌ಪ್ರೀತನದು. ಗುರ್ಜಂತ್, ಮನ್‌ದೀಪ್, ನೀಲಕಂಠ ಶರ್ಮ, ಸುಮಿತ್, ವರುಣ್ ಕುಮಾರ್ ಕೂಡ ಲಕ್ನೋದ ಬಳಗದವರೇ. ಹರ್ಮನ್‌ಪ್ರೀತ್ 2024ರಲ್ಲಿ ಪ್ಯಾರಿಸ್‌ನಲ್ಲಿ ನಾಯಕನಾಗಿ ಮತ್ತೊಂದು ಕಂಚನ್ನು ತಂದನು. ಲಕ್ನೋದಲ್ಲಿ ಕಪ್ಪನ್ನು ಎತ್ತಿ ಹಿಡಿದ ನಾಯಕ ಹರ್ಜೀತನಿಗೆ ಮಾತ್ರ ಟೋಕಿಯೋ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ಆತನ ಬಾಳನ್ನು ಕುರಿತು 2018ರಲ್ಲಿ ಪಂಜಾಬಿ ಭಾಷೆಯಲ್ಲಿ ಒಂದು ಚಲನಚಿತ್ರ ಬಂದಿತು. ಅದರ ಹೆಸರು 'ಹರ್ಜೀತಾ'.