ಗಂಟು ಕುತ್ತಿಗೆಯಲ್ಲಿ, ಬೇರು ಎಲ್ಲಿ?

ಗಡ್ಡ ಹೆರೆಯುವಾಗಲೋ ಸರದ ಕೊಂಡಿ ಹಾಕಿಕೊಳ್ಳುವಾಗಲೋ ದವಡೆಯ ಕೆಳಗೊಂದು ಗಂಟು ಕೈಗೆ ತಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಊಟ ಸಲೀಸಾಗಿ ಇಳಿಯುತ್ತದೆ. ನೋವಿಲ್ಲವಲ್ಲ ಎಂದು ನಾವು ಸುಮ್ಮನಾಗುತ್ತೇವೆ; ವೈದ್ಯರಿಗೆ ಅನುಮಾನ ಹುಟ್ಟುವುದು ಅಲ್ಲೇ. ಸೋಂಕಿನಿಂದ ಊದಿದ ದುಗ್ಧಗ್ರಂಥಿ (ಲಿಂಫ್ ನೋಡ್) ಸಾಮಾನ್ಯವಾಗಿ ಮುಟ್ಟಿದರೆ ನೋಯುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. 40 ದಾಟಿದವರಲ್ಲಿ ನೋಯದೆ, ಇಳಿಯದೆ ಗಟ್ಟಿಯಾಗಿ ಕೂತ ಗಂಟನ್ನು ಕ್ಯಾನ್ಸರ್ ಅಲ್ಲವೆಂದು ಖಾತ್ರಿಯಾಗುವವರೆಗೂ ಅದೇ ಇರಬಹುದೆಂದು ಪರೀಕ್ಷಿಸುವುದು ರೂಢಿ.

ಸೂಜಿ ಹಾಕಿ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರ್ ಕಂಡಿತೆನ್ನಿ. ಆದರೆ ಅವು ದುಗ್ಧಗ್ರಂಥಿಯ ಜೀವಕೋಶಗಳಲ್ಲ, ಬಾಯಿ ಗಂಟಲುಗಳ ಒಳಪದರದಲ್ಲಿ ಇರಬೇಕಾದವು. ಅಂದರೆ ರೋಗ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದಿದೆ. ಬಹುತೇಕರಲ್ಲಿ ಬಾಯಿ ತೆರೆಸಿದರೆ, ಗಂಟಲಿಗೆ ಎಂಡೋಸ್ಕೋಪ್ ಇಳಿಸಿದರೆ ಮೂಲ ಕಾಣುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿಯುವವರ ಕೆನ್ನೆಯ ಹುಣ್ಣನ್ನಂತೂ ಹುಡುಕುವುದೇ ಬೇಕಿಲ್ಲ. ಆದರೆ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಯಲ್ಲಿ ಎಷ್ಟು ನೋಡಿದರೂ ಮೂಲ ಸಿಗದು.

ಹಾಗಂತ ಸುಳಿವೇ ಇಲ್ಲವೆಂದಲ್ಲ. ದೇಹದ 600ರಿಂದ 800 ದುಗ್ಧಗ್ರಂಥಿಗಳಲ್ಲಿ ಸುಮಾರು 300 ಕುತ್ತಿಗೆಯಲ್ಲೇ ಇವೆ. ನಮ್ಮ ಹಳೆಯ ಕೆರೆಗಳಲ್ಲಿ ಮೇಲಿನದರ ಕೋಡಿ ಬಿದ್ದ ನೀರು ಗೊತ್ತಾದ ಕಾಲುವೆಯಲ್ಲೇ ಹರಿದು ಕೆಳಗಿನದಕ್ಕೆ ಸೇರುವಂತೆ, ಬಾಯಿ, ಮೂಗು, ಗಂಟಲಿನ ಒಂದೊಂದು ಭಾಗದ ದುಗ್ಧರಸವೂ ತನ್ನದೇ ಗ್ರಂಥಿಗಳಿಗೆ ಇಳಿಯುತ್ತದೆ. ಗದ್ದದ ಕೆಳಗೆ ಗಂಟಿದ್ದರೆ ತುಟಿ, ನಾಲಿಗೆಯ ಮುಂಭಾಗ ನೋಡಬೇಕು. ದವಡೆಯ ಮೂಲೆಯ ಕೆಳಗಿದ್ದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡ. ಕುತ್ತಿಗೆಯ ಹಿಂಬದಿಯಲ್ಲಿದ್ದರೆ ಮೂಗಿನ ಹಿಂದಿನ ಗಂಟಲು. ಕೊರಳೆಲುಬಿನ ಮೇಲಿದ್ದರೆ ಹುಡುಕಾಟ ಎದೆ, ಹೊಟ್ಟೆಯ ಕಡೆಗೂ ತಿರುಗಬೇಕು. ಎಡಗಡೆಯ ಕೊರಳೆಲುಬಿನ ಮೇಲಿನ ಗಂಟಿಗೂ ಜಠರದ ಕ್ಯಾನ್ಸರಿಗೂ ನಂಟಿದೆ ಎಂದು ಜರ್ಮನಿಯ ರುಡಾಲ್ಫ್ ವಿರ್ಚೋ 1848ರಲ್ಲೇ ಗುರುತಿಸಿದ್ದರು. ಹೊಟ್ಟೆಯಿಂದ ಮೇಲೇರುವ ದೊಡ್ಡ ದುಗ್ಧನಾಳ ರಕ್ತನಾಳಕ್ಕೆ ಸೇರುವುದು ಎಡಬದಿಯಲ್ಲಿ.

ಈಗ ಟಾನ್ಸಿಲ್‌ಗೆ ಬರೋಣ, ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಗಂಟಲಲ್ಲಿ ಇನ್ನೊಂದಿಲ್ಲ. ಹೊರಗೆ ನಯವಾಗಿ ಕಾಣುವ ಅದರ ಮೈಯೊಳಗೆ ಆಳಕ್ಕೆ ಇಳಿದ, ಕವಲೊಡೆದ ಸಂದುಗಳಿವೆ. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಆ ಸಂದುಗಳಲ್ಲಿ; ಕೆಲವೇ ಮಿಲಿಮೀಟರ್ ಗಾತ್ರದ್ದು ಟಾರ್ಚಿಗೂ ಸ್ಕ್ಯಾನಿಗೂ ಸಿಗದು. ಜೊತೆಗೆ, ರೋಗಾಣುಗಳನ್ನು ರಕ್ಷಕ ಕೋಶಗಳಿಗೆ ಪರಿಚಯಿಸುವುದೇ ಟಾನ್ಸಿಲ್‌ನ ಕೆಲಸವಾದ್ದರಿಂದ ಸಂದಿನ ಒಳಪದರ ಬಿಗಿಯಾಗಿಲ್ಲ, ಅಲ್ಲಲ್ಲಿ ತೆರವಿದೆ. ಬೇರೆ ಕಡೆ ಕ್ಯಾನ್ಸರ್ ಒಡೆಯಬೇಕಾದ ತಡೆಗೋಡೆ ಇಲ್ಲಿ ಮೊದಲೇ ತೆರೆದಿರುತ್ತದೆ. ಹಾಗಾಗಿ ಮೂಲ ಅಕ್ಕಿಕಾಳಿನಷ್ಟಿರುವಾಗಲೇ ಕುತ್ತಿಗೆಯ ಗಂಟು ದೊಡ್ಡದಾಗಿರಬಹುದು.

ಇಂಥ ಕ್ಯಾನ್ಸರ್‌ಗಳ ಹಿಂದೆ ಹಲವು ಸಲ ಇರುವುದು ಗರ್ಭಕೊರಳಿನ ಕ್ಯಾನ್ಸರಿಗೂ ಕಾರಣವಾಗುವ ಎಚ್‌ಪಿವಿ ವೈರಸ್. ಬೀಡಿ ಸಿಗರೇಟು ಮುಟ್ಟದವರಿಗೂ ಬರುತ್ತದೆ. ಅಮೆರಿಕ, ಯುರೋಪಿನಲ್ಲಿ ಇದರ ಪಾಲು ದೊಡ್ಡದು. ನಮ್ಮಲ್ಲಿ ತಂಬಾಕಿನದೇ ಮೇಲುಗೈ. ಗಂಟಿನ ಜೀವಕೋಶಗಳಲ್ಲಿ ಎಚ್‌ಪಿವಿಯ ಕುರುಹಾದ ಪಿ16 ಎಂಬ ಪ್ರೋಟೀನ್ ಹೇರಳವಾಗಿದ್ದರೆ ಟಾನ್ಸಿಲ್ ಅಥವಾ ನಾಲಿಗೆಯ ಬುಡದ ಮೇಲೆ ಸಂಶಯ. ಎಪ್‌ಸ್ಟೀನ್-ಬಾರ್ ವೈರಸ್ಸಿನ ಕುರುಹಿದ್ದರೆ ಮೂಗಿನ ಹಿಂದಿನ ಗಂಟಲ ಮೇಲೆ. ಆ ಕ್ಯಾನ್ಸರ್ ನಾಗಾಲ್ಯಾಂಡ್ ಸುತ್ತಮುತ್ತ ಹೆಚ್ಚು.

ಹುಡುಕಾಟಕ್ಕೊಂದು ಕ್ರಮವಿದೆ: ಸೂಜಿ ಪರೀಕ್ಷೆ, ಪೆಟ್ ಸ್ಕ್ಯಾನ್, ಆಮೇಲೆ ಅರಿವಳಿಕೆ ಕೊಟ್ಟು ಗಂಟಲಿನ ತುಣುಕು ತೆಗೆಯುವುದು, ಬೇಕಾದರೆ ಟಾನ್ಸಿಲ್ಲನ್ನೇ ತೆಗೆದು ಹೋಳು ಹೋಳಾಗಿ ಸೂಕ್ಷ್ಮದರ್ಶಕದಡಿ ನೋಡುವುದು. ಮೊದಲೇ ತುಣುಕು ತೆಗೆದರೆ ಆ ಗಾಯವೂ ಸ್ಕ್ಯಾನಿನಲ್ಲಿ ಹೊಳೆದು ದಾರಿ ತಪ್ಪಿಸುತ್ತದೆ. ಗಂಟನ್ನು ಕೊಯ್ಯುವ ಆತುರವೂ ಬೇಡ. ನ್ಯೂಯಾರ್ಕಿನ ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ 1930ರಲ್ಲಿ ಸೂಜಿ ಪರೀಕ್ಷೆಯ ವಿಧಾನವನ್ನು ಪ್ರಕಟಿಸಿದರು. ಬಾಯಿ, ಗಂಟಲು ಪೂರ್ತಿ ನೋಡದೆ ಕುತ್ತಿಗೆಯ ಗಂಟಿಗೆ ಕತ್ತಿ ಹಾಕುವುದನ್ನು ಕಟುವಾಗಿ ವಿರೋಧಿಸಿದರು.

ನಮ್ಮಲ್ಲಿ ಕತ್ತಿಗಿಂತ ಮಾತ್ರೆಯ ಆತುರವೇ ಹೆಚ್ಚೆಂದು ನನ್ನ ಅನಿಸಿಕೆ. ಕುತ್ತಿಗೆಯ ಗಂಟು ಎಂದಕೂಡಲೇ ಟಿಬಿ ನೆನಪಾಗುವುದು ಸಹಜ, ಬಹಳ ಸಲ ಅದು ನಿಜವೂ ಹೌದು. ಆದರೆ ಸೂಜಿ ಹಾಕದೆ ಆರು ತಿಂಗಳ ಟಿಬಿ ಔಷಧ ಶುರುಮಾಡಿದರೆ, ಊಹೆ ತಪ್ಪಾದಾಗ ಆ ತಿಂಗಳುಗಳೆಲ್ಲ ಕ್ಯಾನ್ಸರಿನ ಪಾಲಾಗುತ್ತವೆ. ಎರಡಕ್ಕೂ ಅದೇ ಸೂಜಿ ಸಾಕು.

ಮೂಲ ಸಿಗದಿದ್ದರೂ ಚಿಕಿತ್ಸೆ ನಿಲ್ಲದು. ಶಸ್ತ್ರಚಿಕಿತ್ಸೆ, ವಿಕಿರಣ, ಕೆಲವರಿಗೆ ಕಿಮೊ. ಗುಣವಾಗುವವರು ಅನೇಕರು, ಅದರಲ್ಲೂ ಪಿ16 ಇರುವವರು. ಹಾಗಿದ್ದರೆ ಮೂಲ ಹುಡುಕುವ ಹಟವೇಕೆ? ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಇರಬಹುದಾದ ಕಡೆಗೆಲ್ಲ ವಿಕಿರಣ ಹಾಯಿಸಬೇಕಾಗುತ್ತದೆ. ಆಗ ಎಂಜಲು ಸುರಿಸುವ ಗ್ರಂಥಿಗಳು ಸುಟ್ಟು ಬಾಯಿ ಒಣಗುತ್ತದೆ, ಹಲ್ಲು ಹುಳುಕಾಗುತ್ತದೆ, ಅನ್ನ ನುಂಗಲು ತುತ್ತು ತುತ್ತಿಗೂ ನೀರು ಬೇಕಾಗುತ್ತದೆ. ಒಂದು ಬದಿಯ ಟಾನ್ಸಿಲ್‌ನಲ್ಲಿ ಸಣ್ಣ ಮೂಲ ಸಿಕ್ಕರೆ ಎಷ್ಟೋ ಸಲ ಆ ಬದಿಗಷ್ಟೇ ಚಿಕಿತ್ಸೆ ಸಾಕು.