ಏಪ್ರಿಲ್ ಹತ್ತು ಮತ್ತು ಜೂನ್ ಒಂದು

ಏಪ್ರಿಲ್ ತಿಂಗಳ ಹತ್ತನೆಯ ತಾರೀಖು ಯಾವ ಹಬ್ಬವೂ ಅಲ್ಲ, ಯಾರ ಜಯಂತಿಯೂ ಅಲ್ಲ. ಆದರೂ ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ಆ ದಿನದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದು ಪಾಸು-ಫೇಲು ಗೊತ್ತಾಗುವ ದಿನ. ಹೆಡ್‌ಮಾಸ್ತರರು ಉದ್ದನೆಯ ಹಾಳೆ ಹಿಡಿದು ಹೆಸರು ಓದುತ್ತಾ ಹೋಗುತ್ತಿದ್ದರು. ಹೆಸರು ಬಂದವರು ಪೆಪ್ಪರ್‌ಮಿಂಟು ಹಂಚುತ್ತಿದ್ದರು, ಬಾರದವರು ಊರ ಹೊರಗಿನ ದಾರಿ ಹಿಡಿದು ಮನೆ ಸೇರುತ್ತಿದ್ದರು. ಮರುದಿನದಿಂದ ಬೇಸಿಗೆ ರಜೆ. ಹೆಸರು ಓದುವ ಪದ್ಧತಿ ಈಗ ಬಹುಮಟ್ಟಿಗೆ ನಿಂತಿದೆ. ವಾರ್ಷಿಕ ಪರೀಕ್ಷೆಗೆ ‘ಸಂಕಲನಾತ್ಮಕ ಮೌಲ್ಯಮಾಪನ’ ಎಂಬ ಬಾಯಿ ತುಂಬುವ ಹೆಸರು ಬಂದಿದೆ. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ತಾಯಿ-ತಂದೆಯರನ್ನು ಕರೆಸಿ ಮಕ್ಕಳ ಪ್ರಗತಿಯನ್ನು ತೋರಿಸಲಾಗುತ್ತದೆ. ತಾರೀಖು ಮಾತ್ರ ಹೆಚ್ಚು ಕದಲಿಲ್ಲ.

ಶಾಲೆಯ ವರ್ಷಕ್ಕೆ ಹೀಗೊಂದು ಕೊನೆಯಿರಬೇಕು, ಆ ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕು ಎಂಬ ಕಲ್ಪನೆ ನಮ್ಮಲ್ಲಿ ಬಹಳ ಹಳೆಯದೇನೂ ಅಲ್ಲ. ಐಗಳ ಮಠ, ಕೂಲಿ ಮಠ, ಗಾವಟಿ ಶಾಲೆ ಎಂದೆಲ್ಲ ಕರೆಸಿಕೊಳ್ಳುತ್ತಿದ್ದ ಹಳೆಯ ಶಾಲೆಗಳಲ್ಲಿ ಜೂನ್ ತಿಂಗಳೂ ಇರಲಿಲ್ಲ, ಏಪ್ರಿಲ್ ತಿಂಗಳೂ ಇರಲಿಲ್ಲ. ಮಗು ಒಂದು ಒಳ್ಳೆಯ ದಿನ ಮಠಕ್ಕೆ ಸೇರುತ್ತಿತ್ತು. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯಲು ಕಲಿತು, ಮಗ್ಗಿ ಬಾಯಿಪಾಠ ಮಾಡಿ, ಮನೆಯವರಿಗೆ ಸಾಕೆನಿಸಿದಾಗ ಬಿಡುತ್ತಿತ್ತು. ಒಬ್ಬ ಹುಡುಗ ಕಾಗುಣಿತದಲ್ಲಿದ್ದರೆ ಪಕ್ಕದವನು ಲೆಕ್ಕದಲ್ಲಿರುತ್ತಿದ್ದ. ಎಲ್ಲರೂ ಒಟ್ಟಿಗೆ ‘ಮೇಲಿನ ತರಗತಿಗೆ’ ಹೋಗುವ ಪ್ರಶ್ನೆಯೇ ಇರಲಿಲ್ಲ.

ಆದರೂ ಆ ಮಠಗಳಿಗೆ ಒಂದು ಗಡುವಿನ ಕಾಲವಿತ್ತು. ಅದು ಮಹಾನವಮಿ. ನವರಾತ್ರಿಯ ದಿನಗಳಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಹೊಸ ಬಟ್ಟೆ ತೊಟ್ಟ ಹುಡುಗರು ಕೋಲು ಹಾಕುತ್ತಾ ನಾಲ್ಕು ಸಾಲಿನ ಹರಕೆಯ ಪದ್ಯಗಳನ್ನು ಹಾಡುತ್ತಿದ್ದರು. ಇದೇ ಮಹಾನವಮಿಯ ಚೌಪದ. ಮನೆಯವರು ಐಗಳಿಗೆ ಹಣವನ್ನೋ ಧಾನ್ಯವನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು, ಮಕ್ಕಳ ಕೈಗೆ ತಿಂಡಿ ಬೀಳುತ್ತಿತ್ತು. ಮೇಲುನೋಟಕ್ಕೆ ಇದು ಹಬ್ಬದ ಸಡಗರ. ಒಳಹೊಕ್ಕು ನೋಡಿದರೆ ಅದರಲ್ಲಿ ಶಾಲೆಯ ಆಯವ್ಯಯವೂ ಇತ್ತು, ವಾರ್ಷಿಕೋತ್ಸವವೂ ಇತ್ತು, ಪರೀಕ್ಷೆಯೂ ಇತ್ತು. ಯಾರ ಮಗ ತಡವರಿಸದೆ ಪದ್ಯ ಹೇಳಿದ, ಯಾರ ನಾಲಗೆ ತೊದಲಿತು ಎಂಬುದನ್ನು ಊರೇ ನಿಂತು ಕೇಳುತ್ತಿತ್ತು. ಅಂಕಪಟ್ಟಿಯ ಅಗತ್ಯವೇ ಬೀಳಲಿಲ್ಲ.

ಈ ಶಾಲೆಗಳ ಬಗ್ಗೆ ಕನ್ನಡ ನಾಡಿನಿಂದ ಹೋದ ಅತ್ಯಂತ ವಿವರವಾದ ಸರಕಾರಿ ವರದಿಗಳಲ್ಲೊಂದು ಬಳ್ಳಾರಿಯದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ದೇಶೀ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳುಹಿಸಿದ. ತೆಲುಗು ವ್ಯಾಕರಣ ಬರೆದ ಈತ ಬರಿಯ ಅಂಕಿಗಳಿಂದ ತೃಪ್ತನಾಗುವ ಅಧಿಕಾರಿಯಾಗಿರಲಿಲ್ಲ. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಓದುವ ಮಕ್ಕಳು ಒಟ್ಟು 6,641. ಅವರಲ್ಲಿ ಹುಡುಗಿಯರು 60 ಮಂದಿ.

ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬಂತೆ ಒಂದು ಸೊನ್ನೆ, ಆಮೇಲೆ ಬಂದವರಿಗೆಲ್ಲ ಏಟು, ತಡವಾದಷ್ಟೂ ಒಂದೊಂದು ಹೆಚ್ಚು ಎಂದು ಕ್ಯಾಂಬೆಲ್ ಬರೆದಿದ್ದಾನೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಮೆಚ್ಚಿದ್ದಾನೆ. ಅರ್ಥ ತಿಳಿಯದೆ ಉರು ಹಚ್ಚುವುದನ್ನು ಟೀಕಿಸಿದ್ದಾನೆ. ಆದರೆ ಇಂದಿಗೂ ಓದುಗನನ್ನು ತಡೆದು ನಿಲ್ಲಿಸುವ ಮಾತು ಬೇರೆ. ಜನ ಬಡವರಾಗುತ್ತಿದ್ದಾರೆ, ನೇಕಾರಿಕೆಯಂಥ ಕಸುಬುಗಳಿಗೆ ಇಂಗ್ಲೆಂಡಿನ ಬಟ್ಟೆಯಿಂದ ಪೆಟ್ಟು ಬಿದ್ದಿದೆ, ಓದಿಸುವ ಖರ್ಚು ಹೊರಲಾರದ ತಂದೆ-ತಾಯಿಗಳು ಎಳೆಯ ಮಕ್ಕಳ ಕೈಕಾಲು ಸ್ವಲ್ಪ ಕೆಲಸಕ್ಕೆ ಬಂದರೂ ಸಾಕೆಂದು ದುಡಿಮೆಗೆ ಹಚ್ಚುತ್ತಿದ್ದಾರೆ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ. ಕಂಪನಿಯ ನೌಕರನೇ ಕಂಪನಿಯ ಆಡಳಿತದ ಬಗ್ಗೆ ಬರೆದದ್ದಿದು. ಶಾಲೆ ಬಿಟ್ಟ ಮಗುವಿನ ಕತೆ ನಮ್ಮ ದಾಖಲೆಗಳಲ್ಲಿ ಎರಡು ಶತಮಾನಗಳಷ್ಟು ಹಳೆಯದು ಎಂಬುದನ್ನು ಗಮನಿಸಬೇಕು.

ಮುಂದೆ ಸರಕಾರಿ ಶಾಲೆಗಳು ಬಂದವು. ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಆರಂಭವಾಯಿತು. ಶಾಸನಗಳ ರೈಸ್ ಎಂದೇ ನೆನಪಿರುವ ಈತ ಶಾಲೆಗಳ ರೈಸ್ ಕೂಡ ಹೌದು. ಮದರಾಸು ಪ್ರಾಂತದಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂದ ಮೇಲೆ ಇನ್‌ಸ್ಪೆಕ್ಟರರ ಭೇಟಿಯ ದಿನವೇ ಶಾಲೆಯ ಹಣೆಬರಹ ನಿರ್ಧರಿಸುವ ದಿನವಾಯಿತು. ಮಹಾನವಮಿಯಲ್ಲಿ ಊರು ಕೇಳುತ್ತಿದ್ದ ಲೆಕ್ಕವನ್ನು ಈಗ ಕುದುರೆ ಏರಿಯೋ ಗಾಡಿಯಲ್ಲೋ ಬರುವ ಅಧಿಕಾರಿ ಕೇಳತೊಡಗಿದ. ಐಗಳ ಸಂಬಳ ಊರಿನಿಂದ ಖಜಾನೆಗೆ ವರ್ಗವಾದಂತೆ ಚೌಪದವೂ ಕ್ರಮೇಣ ಕ್ಷೀಣಿಸಿತು. ದಸರಾ ರಜೆ ಮಾತ್ರ ಉಳಿದುಕೊಂಡಿತು.

ವರ್ಷದ ಕೊನೆಯಲ್ಲಿ ಮಗುವನ್ನು ನಿಲ್ಲಿಸಿಕೊಳ್ಳಬೇಕೇ, ಮುಂದಕ್ಕೆ ಕಳುಹಿಸಬೇಕೇ ಎಂಬ ಜಗಳ ಇನ್ನೂ ಮುಗಿದಿಲ್ಲ. 2010ರ ಏಪ್ರಿಲ್ ಒಂದರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿ ಮುಗಿಯುವವರೆಗೆ ಯಾರನ್ನೂ ಫೇಲು ಮಾಡಬಾರದೆಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಗೆ, ರಾಜ್ಯಗಳು ಬಯಸಿದರೆ ನಿಲ್ಲಿಸಿಕೊಳ್ಳುವುದಕ್ಕೂ, ದಾರಿ ತೆರೆಯಿತು. 2024ರಲ್ಲಿ ಕರ್ನಾಟಕದ ‘ಬೋರ್ಡ್ ಪರೀಕ್ಷೆ’ ಮಾರ್ಚ್ ತಿಂಗಳಿಡೀ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಓಡಾಡಿತು. ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಅನುಮತಿ ಕೊಟ್ಟಿತು, ಅರ್ಧ ಪರೀಕ್ಷೆ ನಡೆದಾಗ ಸುಪ್ರೀಂ ಕೋರ್ಟ್ ತಡೆಯಿತು, ಮತ್ತೆ ಅನುಮತಿ ಬಂತು. ಕೊನೆಗೆ ಏಪ್ರಿಲ್ ಎಂಟರಂದು, ಅಂದರೆ ಹತ್ತನೆಯ ತಾರೀಖಿಗೆ ಎರಡೇ ದಿನ ಇರುವಾಗ, ಫಲಿತಾಂಶಕ್ಕೂ ತಡೆ ಬಿತ್ತು. ಹತ್ತು ವರ್ಷದ ಮಕ್ಕಳ ಉತ್ತರ ಪತ್ರಿಕೆಗಳು ದೆಹಲಿಯ ನ್ಯಾಯಾಲಯದವರೆಗೆ ಸುದ್ದಿಯಾದದ್ದು ಅಪರೂಪದ ಸಂಗತಿಯೇ ಸರಿ. ನಿಲ್ಲಿಸಿಕೊಂಡರೆ ಮಗು ಕಲಿಯುತ್ತದೆ ಎನ್ನುವವರಿಗೂ ನಿಲ್ಲಿಸಿಕೊಂಡರೆ ಮಗು ಬಿಟ್ಟೇಹೋಗುತ್ತದೆ ಎನ್ನುವವರಿಗೂ ಕಣ್ಣೆದುರಿನ ಉದಾಹರಣೆಗಳಿವೆ. ಬಡವರ ಮನೆಯಲ್ಲಿ, ಅದರಲ್ಲೂ ಹುಡುಗಿಯ ವಿಷಯದಲ್ಲಿ, ಎರಡನೆಯವರ ಮಾತು ನಿಜವಾಗುವ ಸಂಭವವೇ ಹೆಚ್ಚು. ಫೇಲಾದ ಹುಡುಗನಿಗೆ ಇನ್ನೊಂದು ವರ್ಷ ಸಿಗುತ್ತದೆ. ಫೇಲಾದ ಹುಡುಗಿಗೆ ತಮ್ಮನನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ.

ಏಪ್ರಿಲ್ ಹನ್ನೊಂದರಿಂದ ಮೇ ಇಪ್ಪತ್ತೆಂಟರವರೆಗೆ ಸುಮಾರು ಏಳು ವಾರಗಳ ರಜೆ. ಪಟ್ಟಣದ ಮಗುವಿಗೆ ಅದು ಅಜ್ಜಿಯ ಮನೆ, ಮಾವಿನಹಣ್ಣು, ಬೇಸಿಗೆ ಶಿಬಿರ. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಆರಂಭವಾಗಿ ಮರುವರ್ಷ ಉಳಿದೆಡೆಗೆ ಹರಡಿದ ಅಕ್ಷರ ದಾಸೋಹ ಇನ್ನೊಂದು ಸತ್ಯವನ್ನು ಬಯಲಿಗೆ ತಂದಿತು. ಶಾಲೆಯ ಬಾಗಿಲು ಮುಚ್ಚಿದರೆ ಅಡುಗೆಮನೆಯ ಬಾಗಿಲೂ ಮುಚ್ಚುತ್ತದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆದ್ದರಿಂದಲೇ ಬರ ಘೋಷಣೆಯಾದ ವರ್ಷಗಳಲ್ಲಿ ಏಪ್ರಿಲ್ ಮೊದಲ ವಾರದ ಯೋಜನೆಯೊಳಗೆ ಅಂಕಪಟ್ಟಿಯ ಜೊತೆ ಅಕ್ಕಿ-ಬೇಳೆಯ ಲೆಕ್ಕವೂ ಸೇರುತ್ತದೆ: ರಜೆಯಲ್ಲಿ ಊಟಕ್ಕೆ ಬರುವವರು ಎಷ್ಟು ಮಂದಿ, ಅಡುಗೆಯವರು ಯಾರು, ಬೀಗದ ಕೈ ಯಾರ ಬಳಿ?

ರಜೆ ಮುಗಿಯುವ ಹೊತ್ತೂ ಒಕ್ಕಲಿನ ಮನೆಗೆ ಅನುಕೂಲದ ಹೊತ್ತಲ್ಲ. ಶಾಲೆ ತೆರೆದ ಒಂದೆರಡು ವಾರದೊಳಗೆ ಮೃಗಶಿರಾ ಮಳೆ ಹುಟ್ಟುತ್ತದೆ. ಬಿತ್ತನೆಗೆ ಮನೆಯ ಪ್ರತಿಯೊಂದು ಕೈಯೂ ಬೇಕು. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಪಂಚಾಂಗವಂತೂ ಶಾಲೆಯ ಪಂಚಾಂಗಕ್ಕೆ ಪೂರ್ತಿ ವಿರುದ್ಧ. ದಸರಾ-ದೀಪಾವಳಿ ಕಳೆದ ಮೇಲೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುತ್ತವೆ. ಮುಗಿಯುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಅಂದರೆ ಮೊದಲ ಅವಧಿಯಲ್ಲಿ ಹಾಜರಿದ್ದ ಮಗು ಎರಡನೆಯ ಅವಧಿಯಲ್ಲಿ ಇಡಿಯಾಗಿ ಗೈರುಹಾಜರಾಗಿ, ಎಲ್ಲ ಮುಗಿಯುವ ಹೊತ್ತಿಗೆ ಹಿಂತಿರುಗುತ್ತದೆ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಕೆಂಪು ಗೆರೆಗಳ ಉದ್ದನೆಯ ಸಾಲು.

ಇಂಥ ಮಗುವಿಗೆ ವರ್ಷಾಂತ್ಯವೆಂಬುದು ಶಿಕ್ಷೆಯಾಗಬಾರದು ಎಂಬ ಯೋಚನೆಯಿಂದ ಬೆಳೆದದ್ದು ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ರೂಪಿಸಿದರು. ಕಾಡಂಚಿನ ಹಾಡಿಗಳೂ ಒಂದೇ ಕೋಣೆಯ ಶಾಲೆಗಳೂ ಹೆಚ್ಚಿದ್ದ ತಾಲ್ಲೂಕು ಅದು. ಇಲ್ಲಿ ಪುಸ್ತಕದ ಪಾಠಗಳನ್ನು ಬಿಡಿಸಿ ಚಿಕ್ಕ ಚಿಕ್ಕ ಕಾರ್ಡುಗಳನ್ನಾಗಿ ಮಾಡಿ ಒಂದು ‘ಕಲಿಕಾ ಏಣಿ’ಯಲ್ಲಿ ಜೋಡಿಸಲಾಗಿದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿರುತ್ತದೆ. ಎರಡು ತಿಂಗಳು ಬಾರದಿದ್ದರೂ ಹಿಂತಿರುಗಿದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಒಬ್ಬೊಬ್ಬರೂ ಒಂದೊಂದು ಪಾಠದಲ್ಲಿರುವ ಗುಂಪು, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಕ್ರಮ — ಕ್ಯಾಂಬೆಲ್ ಕಂಡ ಮಠದ ಒಂದು ಒಳ್ಳೆಯ ಗುಣ ಏಟಿಲ್ಲದೆ ಹಿಂತಿರುಗಿತು ಎನ್ನಬಹುದು. 2009-10ರಿಂದ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಇದು ವಿಸ್ತರಿಸಿತು. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕಟ್ಟಿಕೊಂಡಿದ್ದು ಉಳಿದೆಡೆಗೆ ಸುತ್ತೋಲೆಯಾಗಿ ಹೋಯಿತು. ಆದ್ದರಿಂದ ಎಲ್ಲೆಡೆ ಅದೇ ಕಳೆಯಿಂದ ನಡೆಯಿತೆಂದು ಹೇಳಲಾಗದು.

ಕನ್ನಡ ಶಾಲೆಗಳಿಗೆಲ್ಲ ಒಂದೇ ಪಂಚಾಂಗ ಎಂದುಕೊಂಡರೆ ಅದೂ ತಪ್ಪು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಕೇರಳದ ಲೆಕ್ಕದಂತೆ ಓಣಂ ಮತ್ತು ಕ್ರಿಸ್‌ಮಸ್‌ಗೆ ಅವಧಿ ಮುಗಿಯುತ್ತದೆ. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೆ ಮಹಾರಾಷ್ಟ್ರದ ದೀಪಾವಳಿ ರಜೆ, ಜೂನ್ ಮಧ್ಯದಲ್ಲಿ ಪುನರಾರಂಭ. ಗಡಿಯ ಎರಡು ಬದಿಯ ಸೋದರ ಮಾವನ ಮಕ್ಕಳು ಒಟ್ಟಿಗೆ ಆಡಬೇಕಾದರೆ ಮೇ ತಿಂಗಳೇ ಬರಬೇಕು.

ದಸರಾ ರಜೆಯೂ ಈಚೆಗೆ ಸುದ್ದಿಯಾಯಿತು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಾಲಾ ಶಿಕ್ಷಕರೇ ಗಣತಿದಾರರು. ಅಕ್ಟೋಬರ್ ಏಳಕ್ಕೆ ಮುಗಿಯಬೇಕಾಗಿದ್ದ ಕೆಲಸ ಮುಗಿಯದೆ ರಜೆಯನ್ನು 18ರವರೆಗೆ ಮುಂದುವರಿಸಲಾಯಿತು. ಹೋದ ದಿನಗಳನ್ನು ಹೆಚ್ಚುವರಿ ತರಗತಿಗಳಿಂದ ತುಂಬಿಸಬೇಕೆಂದಾಯಿತು. ಮಹಾನವಮಿಯಲ್ಲಿ ಐಗಳು ಮತ್ತೆ ಮನೆಮನೆಗೆ ಹೋದರು. ಈ ಬಾರಿ ಕೈಯಲ್ಲಿದ್ದದ್ದು ಮೊಬೈಲ್ ಫೋನು, ಜೊತೆಯಲ್ಲಿ ಮಕ್ಕಳಿರಲಿಲ್ಲ.

ವರ್ಷದ ಕೊನೆಯ ವಾರದಲ್ಲಿ ಶಿಕ್ಷಕರ ಕೊಠಡಿಯಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಏಳನೆಯವರಿಗೆ ಬೀಳ್ಕೊಡುಗೆ, ಅವರು ಚಂದಾ ಎತ್ತಿ ಕೊಡುವ ಗೋಡೆ ಗಡಿಯಾರ, ಗುಂಪು ಫೋಟೋ ಇವೆಲ್ಲ ಮುಗಿದ ಮೇಲೆ ಎಣಿಕೆ ಶುರುವಾಗುತ್ತದೆ. ವರ್ಗಾವಣೆ ಪತ್ರ ಪಡೆದು ಹೋಗುವವರು ಎಷ್ಟು, ಒಂದನೆಯದಕ್ಕೆ ಬರುವವರು ಎಷ್ಟು? ಪಠ್ಯಪುಸ್ತಕ, ಸಮವಸ್ತ್ರ, ಅಕ್ಕಿ ಎಲ್ಲವೂ ಆ ಸಂಖ್ಯೆಯ ಮೇಲೆ ನಿಂತಿವೆ. ಶಿಕ್ಷಕರ ಹುದ್ದೆಯೂ ನಿಂತಿದೆ. ಕಾಯಿದೆಯ ಪ್ರಕಾರ ಕೆಳಗಿನ ಐದು ತರಗತಿಗಳಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅರವತ್ತೊಂದನೆಯ ಮಗು ಬಂದರೆ ಮೂರನೆಯವರು. ಅರವತ್ತರ ಗಡಿಯಲ್ಲಿರುವ ಶಾಲೆಯಲ್ಲಿ ಒಂದು ಕುಟುಂಬ ಊರು ಬಿಟ್ಟರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಆಗಿಬಿಡಬಹುದು. 2001ರಿಂದ ಈ ಎಣಿಕೆಯಲ್ಲಿ ತಾಯಿ-ತಂದೆಯರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ ಪಾಲುಗೊಳ್ಳುತ್ತಿದೆ. ಸಮಿತಿ ಚುರುಕಾಗಿರುವ ಊರಿನಲ್ಲಿ ಮೇ ತಿಂಗಳಲ್ಲೇ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಾರೆ; ಉಳಿದ ಊರುಗಳಲ್ಲಿ ಸಮಿತಿಯ ಸಹಿ ಮಾತ್ರ ಸಿಗುತ್ತದೆ.

ಹೊಸ ಮಗುವಿನ ದಾಖಲಾತಿಯಲ್ಲಿ ಒಂದು ಹಳೆಯ ಸ್ವಾರಸ್ಯವಿದೆ. ಜನನ ಪತ್ರವಿಲ್ಲದ ಕಾಲದಲ್ಲಿ ಮಗುವನ್ನು ಕರೆತಂದ ತಂದೆ ‘ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು’ ಎನ್ನುತ್ತಿದ್ದ. ಮಾಸ್ತರರು ಮಗುವಿನ ಮುಖ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಸೇರಿಸಲು ವಯಸ್ಸು ಸರಿಹೋಗುವಂತೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹೀಗೆ ಒಂದು ತಲೆಮಾರಿನ ಸಾವಿರಾರು ಕನ್ನಡಿಗರು ಕಾಗದದ ಮೇಲೆ ಒಂದೇ ದಿನ ಹುಟ್ಟಿದರು, ಮುಂದೆ ಸರಕಾರಿ ಕೆಲಸ ಸೇರಿದವರು ಮೇ ಮೂವತ್ತೊಂದರಂದು ಒಟ್ಟಿಗೆ ನಿವೃತ್ತರಾದರು. ಈಗ ಜನನ ಪತ್ರವಿದೆ, ಆಧಾರ್ ಇದೆ. ಆದರೆ ಒಂದನೆಯ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕಾದ ದಿನವೆಂದು ಸರಕಾರ ಗೊತ್ತುಮಾಡಿರುವುದೂ ಜೂನ್ ಒಂದನ್ನೇ. 2025ರಲ್ಲಿ ಈ ನಿಯಮ ಜಾರಿಯಾಗುವ ಹೊತ್ತಿಗೆ ಕೆಲವು ದಿನ, ಕೆಲವು ವಾರ ಕಡಮೆ ಬಿದ್ದ ಮಕ್ಕಳ ಪೋಷಕರು ಗದ್ದಲವೆಬ್ಬಿಸಿದರು. ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕೆಂದು ಸಡಿಲಿಸಲಾಯಿತು. ಕಿವಿ ಮುಟ್ಟಿಸಿ ನೋಡುತ್ತಿದ್ದ ಮಾಸ್ತರರಿಗಾದರೆ ಆದೇಶ ಬೇಕಾಗುತ್ತಿರಲಿಲ್ಲ.