ಸೇನಾ ಪೆಟ್ಟಿಗೆಯ ತುದಿಗೆ ಪಟ್ಟಿ ಯಾಕೆ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಮದ್ದುಗುಂಡು, ಬಿಡಿಭಾಗ, ಆಹಾರದ ಡಬ್ಬಿಗಳನ್ನು ಮೊಳೆ ಹೊಡೆದ ಮರದ ಪೆಟ್ಟಿಗೆಗಳಲ್ಲಿ ಸಾಗರ ದಾಟಿಸಿತು. ಅಂಥದೊಂದರ ಪ್ರತಿಕೃತಿಯನ್ನು ಹಳೆಯ ಹಲಗೆಗಳಿಂದ ಮಾಡುವುದು ಈ ಅಧ್ಯಾಯದ ವಿಷಯ. 45 ಸೆಂ.ಮೀ. ಉದ್ದ, 25 ಅಗಲ, 20 ಎತ್ತರ, 18 ಮಿ.ಮೀ. ದಪ್ಪದ ಹಲಗೆ ಎಂದು ಇಟ್ಟುಕೊಳ್ಳೋಣ.

ಮೊದಲು ಮರ. ಕೈಗಾರಿಕಾ ಪ್ರದೇಶಗಳ ಗುಜರಿಗಳಲ್ಲಿ ಸಿಗುವ, ಸರಕು ಪೇರಿಸುವ ಪ್ಯಾಲೆಟ್ಟಿನ ಪೈನ್ ಹಲಗೆ ಇದಕ್ಕೆ ಸಾಕು. ವಿದೇಶದಿಂದ ಬಂದ ಪ್ಯಾಲೆಟ್ಟಾದರೆ ಅದರ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ ಎಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವಂತೆ ಕಾಯಿಸಿದ್ದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಹುಳ ಕೊಂದದ್ದು. ಎರಡನೆಯದನ್ನೂ ಎಣ್ಣೆ, ರಾಸಾಯನಿಕ ಚೆಲ್ಲಿದ ಹಲಗೆಯನ್ನೂ ಬಿಟ್ಟುಬಿಡಿ. ಮುರಿದುಳಿದ ಮೊಳೆಗಳನ್ನೆಲ್ಲ ಕಿತ್ತ ಮೇಲೆಯೇ ಗರಗಸ ಹಚ್ಚಿ.

ಇನ್ನು ಮುಖ್ಯ ಮಾತು. ಇಂಥ ಪೆಟ್ಟಿಗೆಯ ಚಿತ್ರ ನೋಡಿದವರಿಗೆ ಅದರ ಎರಡೂ ತುದಿಗಳಲ್ಲಿ ನೆಟ್ಟಗೆ ನಿಂತ ಎರಡೆರಡು ಪಟ್ಟಿಗಳು ಎದ್ದು ಕಾಣುತ್ತವೆ. ಹಗ್ಗದ ಹಿಡಿಕೆಗೆ ಆಸರೆಯೆಂದೋ ಅಂದಕ್ಕೆಂದೋ ಭಾವಿಸಿ, ಪೆಟ್ಟಿಗೆಯೆಲ್ಲ ಮುಗಿದ ಮೇಲೆ ಅವನ್ನು ಹೊರಗಿನಿಂದ ಅಂಟಿಸುವವರೇ ಹೆಚ್ಚು. ಹಾಗೆ ಅಂಟಿಸಿದ ಪಟ್ಟಿಯಿಂದ ಪೆಟ್ಟಿಗೆಗೆ ಬಲ ಬರುವುದಿಲ್ಲ. ನಿಜಕ್ಕೆ ಪೆಟ್ಟಿಗೆಯನ್ನು ಹಿಡಿದಿಡುವುದೇ ಆ ಪಟ್ಟಿ.

ಮರವೆಂದರೆ ಉದ್ದಕ್ಕೆ ಜೋಡಿಸಿದ ಎಳೆಗಳ ಕಟ್ಟು. ಕಟ್ಟಿದ ಪೊರಕೆಯ ನೆತ್ತಿಯಿಂದ ಒಂದು ಕಡ್ಡಿ ತುರುಕಿ ನೋಡಿ. ಸಲೀಸಾಗಿ ಹೋಗುತ್ತದೆ, ಅಷ್ಟೇ ಸಲೀಸಾಗಿ ಬರುತ್ತದೆ. ಹಲಗೆಯ ಕೊಯ್ದ ತುದಿಗೆ ಹೊಡೆದ ಮೊಳೆಯೂ ಎಳೆಗಳ ನಡುವೆ ಹೀಗೇ ಜಾರುತ್ತದೆ. ಪೈನ್‌ನಂಥ ಮೆದು ಮರದಲ್ಲಿ ಅದರ ಹಿಡಿತ, ಎಳೆಗೆ ಅಡ್ಡವಾಗಿ ಹೊಡೆದ ಮೊಳೆಯ ಹಿಡಿತದ ಅರ್ಧದಿಂದ ಮುಕ್ಕಾಲು ಪಾಲು ಮಾತ್ರ. ಪೆಟ್ಟಿಗೆಯ ತುದಿಯ ಹಲಗೆಗಳ ಎಳೆ ಅಡ್ಡಡ್ಡ ಸಾಗುತ್ತದೆ. ಆದ್ದರಿಂದ ಪಕ್ಕದ ಉದ್ದ ಹಲಗೆಯಿಂದ ಅದಕ್ಕೆ ಹೊಡೆದ ಮೊಳೆ ಸೇರುವುದು ಕೊಯ್ದ ತುದಿಗೇ. ನಿಂತ ಪಟ್ಟಿಯ ಎಳೆಯಾದರೋ ಮೇಲಿಂದ ಕೆಳಗೆ ಸಾಗುತ್ತದೆ. ಅದೇ ಪಕ್ಕದಿಂದ ಬಂದ ಮೊಳೆ ಇಲ್ಲಿ ಎಳೆಗಳನ್ನು ಅಡ್ಡ ಸೀಳಿ ಭದ್ರವಾಗಿ ಕೂರುತ್ತದೆ. ಎಂಥ ಸರಳ, ಎಂಥ ಚೆಂದದ ಯುಕ್ತಿ!

ಹಾಗಾಗಿ ಪಟ್ಟಿಗಳನ್ನು ಮೊದಲು ಕೂರಿಸಿ. ಪಕ್ಕದ ಹಲಗೆಗಳು ಪಟ್ಟಿಯ ಹೊರಮೈವರೆಗೂ ಚಾಚಬೇಕು. ಒಂದು ಮೊಳೆ ತುದಿಯ ಹಲಗೆಗೆ ಬಿದ್ದರೆ ಮುಂದಿನದು ಪಟ್ಟಿಗೆ ಬೀಳಲಿ.

ಎರಡನೆಯ ತಪ್ಪು ತಿಳಿವಳಿಕೆ: ‘ಹಳೆ ಮರ, ಒಣಗಿ ವರ್ಷಗಳಾದವು, ಇನ್ನು ಅಲುಗುವುದಿಲ್ಲ.’ ಮರಕ್ಕೆ ಎಷ್ಟೇ ವಯಸ್ಸಾಗಿರಲಿ, ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೇವಾಂಶ ಶೇ. 10ರಿಂದ 14ಕ್ಕೆ ಏರಿದರೆ ಹಲಗೆಯ ಅಗಲ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ, ಉದ್ದ ಹೆಚ್ಚೂಕಡಿಮೆ ಹಾಗೇ ಇರುತ್ತದೆ. ಅಂದರೆ 20 ಸೆಂ.ಮೀ. ಎತ್ತರದ ತುದಿ ಭಾಗ 2 ಮಿ.ಮೀ. ಬೆಳೆಯುವಾಗ ಅದರ ಮೇಲಿನ ಪಟ್ಟಿ ಬೆಳೆಯುವುದೇ ಇಲ್ಲ. ನಡುವೆ ಗೋಂದು ಬಳಿದಿದ್ದರೆ ಈ ಜಗ್ಗಾಟದಲ್ಲಿ ಹಲಗೆ ಸೀಳಬಹುದು ಇಲ್ಲವೇ ಅಂಟು ಬಿಡಬಹುದು. ಮೊಳೆ ಮಾತ್ರವಿದ್ದರೆ ಅದು ಕೂದಲೆಳೆಯಷ್ಟು ಬಾಗಿ ಹಲಗೆಗೆ ಜಾಗ ಬಿಡುತ್ತದೆ. ಆದ್ದರಿಂದ ಇಲ್ಲಿ ಗೋಂದು ಬೇಡ. ಪಟ್ಟಿ ಮತ್ತು ಹಲಗೆಗಳನ್ನು ದಾಟಿ ಆಚೆ ಬಂದ ಮೊಳೆಯ ಮೊನೆಯನ್ನು ಎಳೆಗೆ ಅಡ್ಡವಾಗಿ ಮಡಚಿ ಬಡಿಯಿರಿ. ಹಿಡಿತ ಇನ್ನೂ ಗಟ್ಟಿಯಾಗುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ. ಒಣ ಹಲಗೆ ಸೀಳದಂತೆ ಮೊಳೆಗಿಂತ ಸ್ವಲ್ಪ ಸಣ್ಣ ತೂತನ್ನು ಬೈರಿಗೆಯಿಂದ ಕೊರೆದುಕೊಳ್ಳಿ. ಮೂಲೆಮಟ್ಟ ನೋಡಿಕೊಂಡು ತಳ ಬಡಿಯಿರಿ. ಮುಚ್ಚಳದ ಹಲಗೆಗಳನ್ನೂ ಒಳಗಿನಿಂದ ಎರಡು ಪಟ್ಟಿ ಕೊಟ್ಟು ಜೋಡಿಸಿ. ಬಿಜಾಗರಿ, ಚಿಲಕ, ಹಗ್ಗದ ಹಿಡಿಕೆ ಸೇರಿಸಿ, ಅಕ್ಷರಗಳನ್ನು ಸ್ಟೆನ್ಸಿಲ್‌ನಿಂದ ಬರೆಯಿರಿ. ಸ್ಫೋಟಕದ ಗುರುತು ಮಾತ್ರ ಬೇಡ. ಬಸ್ಸಿನಲ್ಲಿ, ರೈಲಿನಲ್ಲಿ ಅದನ್ನು ಕಂಡ ಜನ ಹೆದರುತ್ತಾರೆ.

ಪೆಟ್ಟಿಗೆಯ ಈ ವಿದ್ಯೆಗೆ ದೊಡ್ಡ ಸಂಶೋಧನೆಯ ಬೆಂಬಲವಿದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಆರಂಭವಾದ ಅರಣ್ಯ ಉತ್ಪನ್ನ ಪ್ರಯೋಗಾಲಯದಲ್ಲಿ ತುಂಬಿದ ಪೆಟ್ಟಿಗೆಗಳನ್ನು ತಿರುಗುವ ದೊಡ್ಡ ಪೀಪಾಯಿಗಳಲ್ಲಿ ಹಾಕಿ ಉರುಳಿಸಿ, ಎಲ್ಲಿ ಮೊದಲು ಬಿಚ್ಚಿಕೊಳ್ಳುತ್ತವೆ ಎಂದು ನೋಡುತ್ತಿದ್ದರು. ಅಲ್ಲಿಯದೇ ಮರದ ಕೈಪಿಡಿ ಇಂದು ಎಲ್ಲರಿಗೂ ಉಚಿತ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಆದರೂ ನಮ್ಮ ಹಲಸು, ಹೊನ್ನೆ, ಸಿಲ್ವರ್ ಓಕ್ ಹಲಗೆಗಳು ಆಷಾಢದಲ್ಲಿ ಎಷ್ಟು ಹಿಗ್ಗುತ್ತವೆ ಎಂಬುದು ಕನ್ನಡದ ಓದುಗನ ಕೈಗೆ ಸುಲಭವಾಗಿ ಸಿಗಬೇಕು. ಅದಕ್ಕೆ ನೀವೇ ಕೈಹಾಕಿ: ಒಂದು ಹಲಗೆಯ ಅಗಲವನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆದು, ಮರದ ಹೆಸರು, ಊರು, ತಿಂಗಳ ಸಮೇತ ಬರೆದಿಡಿ. ಊರೂರಿನ ಬಡಗಿಗಳೂ ವಿದ್ಯಾರ್ಥಿಗಳೂ ಹೀಗೆ ಬರೆದಿಟ್ಟರೆ ಕನ್ನಡದಲ್ಲೇ ಒಂದು ಮರದ ಕೈಪಿಡಿ ಬರಬಹುದು, ಬರಬೇಕು.